ಹಾರ್ಮೋನಿಯಂ ಸಾಥ್: ಹೆಸರು ಬೇಡ್ವಾ?

1/9
ಫೋಟೊ: ಅರಬೈಲ್ ಘಾಟಿ, ಬೆಳಿಗ್ಗೆ ಏಳು ಗಂಟೆ, ಮಂಜಿನಲ್ಲಿ ಸಾಲು ಲಾರಿ.

ಫೋಟೊ ಚೆಂದ ಇದ್ದು ಅಂತ ಲೈಕ್ ಒತ್ತಿ ಹೋಗ್ಬೇಡಿ. ಇವತ್ತು ಜಗಳ ಇದೆ. ಒಂಬತ್ತು ಭಾಗ. ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ವಾರ ನಮ್ಮ ಗ್ರೂಪಲ್ಲಿ ಒಂದು ರೀಲ್ ಓಡಾಡ್ತು. ಯೂರೋಪಿನ ಯಾವುದೋ ರೈಲ್ವೆ ಸ್ಟೇಷನ್. ಒಬ್ಬ ಹುಡುಗ ಬ್ಯಾಗ್ ಕೆಳಗಿಟ್ಟು ಪಿಯಾನೋ ಮುಂದೆ ಕೂತು ನುಡಿಸಿದ, ಜನ ನಿಂತು ಕೇಳಿದ್ರು. ಕೆಳಗೆ ನಮ್ಮವರ ಕಾಮೆಂಟು: "ಲೈಫ್ ಅಂದ್ರೆ ಇದು", "ಘಾಟದ ಮೇಲೆ ಹುಟ್ಟಿ ಎಂತ ಉಪಯೋಗ", "ನಮ್ಮಲ್ಲಿ ಇಂಥದ್ದೆಲ್ಲ ಎಲ್ಲಿದ್ದು ಮಾರಾಯ".

ಅದೇ ವಾರ, ಅದೇ ಗ್ರೂಪಿಗೆ, ನಮ್ಮ ಕಡೆಯದ್ದೇ ಒಂದು ಸಂಗೀತ ಕಾರ್ಯಕ್ರಮದ ಪೋಸ್ಟರ್ ಬಂತು. ಗಾಯಕರ ಫೋಟೊ ದೊಡ್ಡದು. ತಬಲಾದವರ ಹೆಸರು ಸಣ್ಣದು. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ ಅಂತ ಹನ್ನೊಂದು ಹೆಸರು. ಹಾರ್ಮೋನಿಯಂ ಯಾರದ್ದು? ಬರೆದೇ ಇಲ್ಲ. ನೀವು ಕೇಳಿದ್ರಾ? ಒಬ್ಬರೂ ಕೇಳಿಲ್ಲ.

ನನ್ನ ವಾದ ಇದು. ಕಪ್ಪು ಬಿಳಿ ಮನೆಗಳ ಮೇಲೆ ಬೆರಳಿಟ್ಟು ಇಡೀ ಬದುಕು ಕಟ್ಟಿದವರು ನಮ್ಮಲ್ಲಿ ಇದ್ರು, ಈಗಲೂ ಇದ್ದಾರೆ. ಪಿಯಾನೋ ಆದ್ರೆ ಅವರನ್ನ ಕಲಾವಿದ ಅಂತೀರಿ. ಹಾರ್ಮೋನಿಯಂ ಆದ್ರೆ "ಪೇಟಿಯವ್ರು ಬಂದ್ರಾ?" ಅಂತ ಕೇಳಿ ಮುಗಿಸ್ತೀರಿ. ಇದು ಅಭಿರುಚಿಯ ಪ್ರಶ್ನೆ ಅಂತ ತಪ್ಪಿಸ್ಕೊಳ್ಬೇಡಿ. ಇದು ಅನ್ಯಾಯ, ಮತ್ತೆ ನಿಮ್ಮ ಕೈಯಲ್ಲೇ ಸರಿಹೋಗುವಂಥ ಅನ್ಯಾಯ.

2/9
ಫೋಟೊ: ಮನೆಗಳ ಹತ್ತಿರದ ಚಿತ್ರ. ಪಿಯಾನೋದ್ದೋ ಹಾರ್ಮೋನಿಯಂದೋ? ಹೇಳಿ ನೋಡೋಣ.

ಮೊದಲು ಪಿಯಾನೋದವರ ಕತೆ. ಯಾಕಂದ್ರೆ ಅವರ ಕುರ್ಚಿಯೂ ಆಕಾಶದಿಂದ ಬಿದ್ದದ್ದಲ್ಲ.

1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಅನ್ನುವವನು ಪಿಯಾನೋ ಮಾಡಿದ. ಇವತ್ತಿನ ಪಿಯಾನೋಕ್ಕೆ 88 ಮನೆ. ಆದ್ರೆ ವಾದ್ಯ ಹುಟ್ಟಿ ನೂರು ವರ್ಷ ದಾಟಿದ ಮೇಲೂ, ಒಬ್ಬನೇ ಕೂತು ಇಡೀ ಸಂಜೆ ಪಿಯಾನೋ ನುಡಿಸೋದು ಅನ್ನುವ ಪದ್ಧತಿ ಇರ್ಲಿಲ್ಲ. ಒಂದು ಕಾರ್ಯಕ್ರಮ ಅಂದ್ರೆ ಒಂದಿಷ್ಟು ಹಾಡು, ಒಂದಿಷ್ಟು ಪಿಟೀಲು, ನಡುವೆ ಪಿಯಾನೋ.

ಅದನ್ನ ಮುರಿದವನು ಫ್ರಾಂಜ್ ಲಿಸ್ಟ್. 1839ರಲ್ಲಿ ರೋಮಿನಲ್ಲಿ ಬೇರೆ ಯಾರನ್ನೂ ಸೇರಿಸದೆ ತಾನೊಬ್ಬನೇ ಕಾರ್ಯಕ್ರಮ ಕೊಟ್ಟ. 1840ರಲ್ಲಿ ಲಂಡನ್ನಿನಲ್ಲಿ ಅದಕ್ಕೆ "ರಿಸೈಟಲ್" ಅಂತ ಹೆಸರು ಹಾಕಿ ಜಾಹೀರಾತು ಕೊಟ್ಟರು. ಆಗಿನ ಜನಕ್ಕೆ ಆ ಶಬ್ದವೇ ವಿಚಿತ್ರ ಅನ್ನಿಸಿತ್ತು.

ಅದೇ ಕಾಲದ ಕ್ಲಾರಾ ಶೂಮನ್ ನೋಡಿ. 1828ರಲ್ಲಿ, 9ನೇ ವಯಸ್ಸಿಗೆ, ಲೈಪ್‌ಜಿಗ್‌ನಲ್ಲಿ ಮೊದಲ ಸಲ ವೇದಿಕೆ ಹತ್ತಿದವಳು. ಎಂಟು ಮಕ್ಕಳ ತಾಯಿ. ಗಂಡ ಕಾಯಿಲೆ ಬಿದ್ದು ತೀರಿಹೋದ ಮೇಲೆ ಊರೂರು ತಿರುಗಿ, ಪಿಯಾನೋ ನುಡಿಸಿಯೇ ಮನೆ ನಡೆಸಿದಳು. 60 ವರ್ಷಕ್ಕೂ ಹೆಚ್ಚು ಕಾಲ ವೇದಿಕೆ ಬಿಡಲಿಲ್ಲ.

ಅಂದ್ರೆ "ಕನ್ಸರ್ಟ್ ಪಿಯಾನಿಸ್ಟ್" ಅನ್ನುವ ಉದ್ಯೋಗವನ್ನ ಯಾರೋ ಹಟ ಹಿಡಿದು ಮಾಡಿದ್ದು, ಕೇಳುವವರು ಒಪ್ಪಿಕೊಂಡದ್ದು. ವಾದ್ಯವನ್ನ ಪಕ್ಕದಿಂದ ಮಧ್ಯಕ್ಕೆ ತಂದದ್ದು ಮನುಷ್ಯರು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

3/9
ಫೋಟೊ: ಮೈಸೂರು ಅರಮನೆ, ಹೋದ ವರ್ಷದ ಟ್ರಿಪ್ಪಿನದ್ದು.

"ನಮ್ಮಲ್ಲಿ ಪಿಯಾನೋ ಎಲ್ಲಿದ್ದು" ಅಂದವರಿಗೆ: ಮೈಸೂರಲ್ಲಿತ್ತು. ವೀಣೆ ಶೇಷಣ್ಣನವರು ವೀಣೆಗೆ ಪ್ರಸಿದ್ಧರು, ಆದ್ರೆ ಪಿಯಾನೋ ಮೇಲೂ ಕರ್ನಾಟಕ ಸಂಗೀತ ನುಡಿಸಿದವರು.

ಅದಕ್ಕಿಂತ ದೊಡ್ಡ ಕತೆ ಮಹಾರಾಜರದ್ದು. ಜಯಚಾಮರಾಜ ಒಡೆಯರು. ಹುಟ್ಟಿದ್ದು 18 ಜುಲೈ 1919. ಪಠ್ಯಪುಸ್ತಕದಲ್ಲಿ ಕೊನೆಯ ಮಹಾರಾಜ ಅಂತ ಒಂದು ಸಾಲಲ್ಲಿ ಮುಗಿಸ್ತಾರೆ. ಆ ಮನುಷ್ಯನಿಗೆ ಕನ್ಸರ್ಟ್ ಪಿಯಾನಿಸ್ಟ್ ಆಗ್ಬೇಕು ಅಂತಿತ್ತು. ಇದು ಅರಮನೆಯ ಶೋಕಿ ಅಂತ ತಿಳ್ಕೊಳ್ಬೇಡಿ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋಶಿಪ್ ಕೊಟ್ಟಿತು.

ದುಡ್ಡಿತ್ತು, ವಾದ್ಯ ಇತ್ತು, ಗುರುಗಳಿದ್ರು, ಮನಸ್ಸಿತ್ತು. ಆದ್ರೂ ಆಗ್ಲಿಲ್ಲ.

1940ರ ಮಾರ್ಚ್‌ನಲ್ಲಿ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ, ನಾಲ್ವಡಿ ಕೃಷ್ಣರಾಜ ಒಡೆಯರು. ಸೆಪ್ಟೆಂಬರ್‌ನಲ್ಲಿ 21 ವರ್ಷದ ಈ ಹುಡುಗ ಸಿಂಹಾಸನದ ಮೇಲೆ. ಇವತ್ತು ನಾವಿರುವ ವಯಸ್ಸು ಅದು. ಪಿಯಾನೋ ಮುಂದಿನ ಆಸನ ಅಲ್ಲಿಗೆ ಖಾಲಿ.

ಅಪ್ಪನ ತೋಟ, ಅಂಗಡಿ, ಲಾರಿ ನೋಡ್ಕೊಳ್ಳೋಕೆ ಓದು ಬಿಟ್ಟವರು ನಮ್ಮ ಕ್ಲಾಸಲ್ಲೇ ಇದ್ದಾರೆ. ಅವರಿಗೆ ಈ ಕತೆ ಬಿಡಿಸಿ ಹೇಳೋದು ಬೇಡ.

4/9
ಫೋಟೊ: ಹಳೆಯ ಗ್ರಾಮಫೋನ್ ತಟ್ಟೆ, ಪರಿಚಯದವರ ಮನೆ ಅಟ್ಟದಲ್ಲಿ ಸಿಕ್ಕಿದ್ದು.

ತಾನು ಕೂರಲಾಗದ ಕುರ್ಚಿಯನ್ನ ಇನ್ನೊಬ್ಬರಿಗೆ ಹಾಕಿಕೊಟ್ಟದ್ದು ಈ ಮಹಾರಾಜರ ದೊಡ್ಡತನ.

ನಿಕೊಲಾಯ್ ಮೆಟ್ನರ್ ಅಂತ ರಷ್ಯದ ಒಬ್ಬ ಪಿಯಾನಿಸ್ಟ್, ಸಂಗೀತ ರಚನೆಕಾರ. ದೇಶ ಬಿಟ್ಟು ಬಂದು ಲಂಡನ್ನಿನಲ್ಲಿದ್ದ. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಜನ ಮರೆತಿದ್ರು. ಮೈಸೂರಿನ ದುಡ್ಡಿನಲ್ಲಿ "ಮೆಟ್ನರ್ ಸೊಸೈಟಿ" ಹುಟ್ಟಿತು. ಅವನು ತನ್ನ ಕೃತಿಗಳನ್ನ ತಾನೇ ನುಡಿಸಿ ಧ್ವನಿಮುದ್ರಿಸಿದ. 1951ರಲ್ಲಿ ತೀರಿಕೊಂಡ. ಆ ತಟ್ಟೆಗಳು ಉಳಿದವು. ಅವನ ಮೂರನೇ ಪಿಯಾನೋ ಕಂಚೆರ್ಟೊ ಅರ್ಪಣೆಯಾಗಿರೋದು ಮೈಸೂರಿನ ಮಹಾರಾಜರಿಗೆ.

ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಇವರೇ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 22 ಮೇ 1950ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದದ್ದು ಇವರ ಬೆಂಬಲದಿಂದ.

ಇತ್ತ ಮನೆಯಲ್ಲಿ ವೀಣೆ ವೆಂಕಟಗಿರಿಯಪ್ಪನವರ ಹತ್ತಿರ ವೀಣೆ ಕಲಿತು, 94 ಕೃತಿ ರಚಿಸಿದರು.

ಎಷ್ಟು ಜನಕ್ಕೆ ಗೊತ್ತಿತ್ತು? ಲಂಡನ್ನಿನ ಪಿಯಾನೋ ಇತಿಹಾಸದಲ್ಲಿ ಮೈಸೂರಿನ ಹೆಸರಿದೆ, ನಮ್ಮ ಸ್ಟೋರಿಗಳಲ್ಲಿಲ್ಲ. ನಮ್ಮದೇ ಮಾಲು ನಮ್ಮ ಕಣ್ಣಿಗೆ ಬೀಳೋದು ಹೊರಗಿನವರು ತೋರಿಸಿದ ಮೇಲೇ ಅನ್ನೋದಾದ್ರೆ, ಊರಿನ ಮೇಲೆ ತಪ್ಪು ಹಾಕೋದು ಯಾಕೆ?

5/9
ಫೋಟೊ: ಅಜ್ಜನ ಕಾಲದ ರೇಡಿಯೋ. ಈಗಲೂ ಕರಕರ ಅಂತದೆ.

ಅದೇ 1940. ಅದೇ ಮಾರ್ಚ್ ತಿಂಗಳು. ದೆಹಲಿಯಲ್ಲಿ ಇನ್ನೊಂದು ಬಾಗಿಲು ಮುಚ್ಚಿತು.

ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ನಿಷೇಧಿಸಿತು. ಆಗ ಅದರ ಮುಖ್ಯಸ್ಥ ಲಯೊನೆಲ್ ಫೀಲ್ಡನ್ ಅನ್ನುವ ಇಂಗ್ಲಿಷಿನವ. ಅಲ್ಲೇ ಕೆಲಸಕ್ಕಿದ್ದ ಜಾನ್ ಫೋಲ್ಡ್ಸ್ ಅನ್ನುವ ಇನ್ನೊಬ್ಬ ಇಂಗ್ಲಿಷ್ ಸಂಗೀತಗಾರ 1938ರಲ್ಲೇ ಹಾರ್ಮೋನಿಯಂ ವಿರುದ್ಧ ಬರೆದಿದ್ದ. ನಮ್ಮವರೂ ಕಡಿಮೆಯಿಲ್ಲ. ರವೀಂದ್ರನಾಥ ಟ್ಯಾಗೋರರೇ ನಿಷೇಧ ಬೇಕು ಅಂದವರು. ಈ ವಾದ್ಯ ಪರದೇಶಿ, ಇದರಲ್ಲಿ ಮೀಂಡ್ ಬರೋದಿಲ್ಲ, ನಮ್ಮ ಶ್ರುತಿಗಳು ಇದರಲ್ಲಿಲ್ಲ ಅನ್ನುವುದು ಅವರೆಲ್ಲರ ದೂರು.

ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅದೂ ಪೂರ್ತಿ ಅಲ್ಲ, ಮೊದಲು ದೊಡ್ಡ ಕಲಾವಿದರ ಸಾಥ್‌ಗೆ ಮಾತ್ರ. ನಡುವೆ 31 ವರ್ಷ.

ಲೆಕ್ಕ ಮಾಡಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮ ಘಟ್ಟದ ಮನೆಗಳಿಗೆ ಮನ್ಸೂರರು, ಗಂಗೂಬಾಯಿಯವರು, ರಾಜಗುರುಗಳು ಬಂದು ಕೂತದ್ದು ಆ ಡಬ್ಬಿಯೊಳಗಿಂದ. ಮೊದಲ 21 ವರ್ಷ ಆ ಡಬ್ಬಿಯಲ್ಲಿ ಹಾರ್ಮೋನಿಯಂಗೆ ಜಾಗ ಇರ್ಲಿಲ್ಲ. ವೇದಿಕೆ ಮೇಲೆ ಅದೇ ಗಾಯಕರ ಪಕ್ಕ ಹಾರ್ಮೋನಿಯಂ ಇರ್ತಿತ್ತು. ಸ್ಟುಡಿಯೋ ಬಾಗಿಲು ಬಂದ ಕೂಡ್ಲೇ ಅದನ್ನ ಹೊರಗೆ ಬಿಡ್ಬೇಕು.

ಒಂದು ಪೀಳಿಗೆಯ ನುಡಿಸುವವರಿಗೆ ರೇಡಿಯೋ ಗ್ರೇಡ್ ಇಲ್ಲ, ಧ್ವನಿಮುದ್ರಣ ಇಲ್ಲ, ಹೆಸರು ಹೇಳುವ ಉದ್ಘೋಷಕರಿಲ್ಲ. ಇವತ್ತು ಪೋಸ್ಟರ್ ಮಾಡುವವನಿಗೆ ಆ ನಿಷೇಧದ ಸುದ್ದಿಯೇ ಗೊತ್ತಿಲ್ಲ. ಆದ್ರೂ ಅವನು ಅದನ್ನ ಪಾಲಿಸ್ತಾ ಇದ್ದಾನೆ.

6/9
ಫೋಟೊ: ಬೆಳಗಾವಿ ಬಸ್ಸಿನ ಬೋರ್ಡ್, ಯಲ್ಲಾಪುರ ಸ್ಟ್ಯಾಂಡಿನಲ್ಲಿ ತೆಗೆದದ್ದು.

ಈಗ ಇನ್ನೊಬ್ಬ ಹುಡುಗ. ಮಹಾರಾಜರಿಗಿಂತ ಎರಡು ವರ್ಷ ದೊಡ್ಡವನು. 1917ರಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ಹುಟ್ಟಿದವನು. ಹೆಸರು ರಾಮ. ಮುಂದೆ ಇಡೀ ಹಿಂದುಸ್ತಾನಿ ಲೋಕ ಕರೆದದ್ದು ಪಂಡಿತ ರಾಂಭಾವು ಬಿಜಾಪುರೆ ಅಂತ, ಆರ್.ಕೆ. ಬಿಜಾಪುರೆ.

ಅಣ್ಣಿಗೇರಿ ಮಲ್ಲಯ್ಯನವರಲ್ಲಿ ಕಲಿತರು, ರಾಮಕೃಷ್ಣಬುವಾ ವಝೆಯವರಂಥ ದೊಡ್ಡ ಗಾಯಕರ ಮಾರ್ಗದರ್ಶನ ಪಡೆದರು. ಇದು ಮುಖ್ಯ: ಅವರು ಹಾಡನ್ನೂ ಕಲಿತವರು. ಖಯಾಲಿನ ಒಳಗು ಗೊತ್ತಿದ್ದರಿಂದಲೇ ಅವರ ಬೆರಳಿನಿಂದ ಬಂದಿಶ್ ಬರ್ತಿತ್ತು. 1938ರಲ್ಲಿ, ಇನ್ನೂ 21 ವರ್ಷಕ್ಕೆ, ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ಶುರುಮಾಡಿದರು.

ಎರಡು ವರ್ಷಕ್ಕೆ ರೇಡಿಯೋ ಬಾಗಿಲು ಹಾಕಿತು. ಆಗ ಅವರಿಗೆ 23. ಮತ್ತೆ ತೆರೆದಾಗ 54. ಒಬ್ಬ ಕಲಾವಿದನ ಕೈ ಗಟ್ಟಿ ಇರುವ ಕಾಲ ಪೂರ್ತಿ ಅದರೊಳಗೆ ಹೋಯ್ತು.

ಅವರು ವಾದ್ಯ ಬದಲಿಸಲಿಲ್ಲ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ, ಬಸವರಾಜ ರಾಜಗುರು, ಭೀಮಸೇನ ಜೋಶಿ, ಈ ಎಲ್ಲರ ಪಕ್ಕ ಕೂತು ನುಡಿಸಿದರು. ತಾವೊಬ್ಬರೇ ಕೂತು ಸೋಲೋ ಕೊಟ್ಟರು. ಕಲಿಸಿದರು, ಕಲಿಸುತ್ತಲೇ ಇದ್ದರು. ಸುಧಾಂಶು ಕುಲಕರ್ಣಿ, ರವೀಂದ್ರ ಕಾಟೋಟಿ ಅವರಂಥ ಇವತ್ತಿನ ದೊಡ್ಡ ಹೆಸರುಗಳು ಅವರ ಶಿಷ್ಯರು. 2010ರ ನವೆಂಬರ್‌ನಲ್ಲಿ, 93ನೇ ವಯಸ್ಸಿನಲ್ಲಿ ಹೋದರು.

ಒಬ್ಬನಿಗೆ ಎಲ್ಲ ಇತ್ತು, ಕುರ್ಚಿ ಬಿಡಲಾಗಲಿಲ್ಲ. ಇನ್ನೊಬ್ಬನಿಗೆ ಪಕ್ಕದ ಕುರ್ಚಿ ಮಾತ್ರ ಕೊಟ್ಟರು, ಅದರಲ್ಲೇ ಕೂತು ಶಾಲೆ ಕಟ್ಟಿದ. ರೀಲ್ ನೋಡಿ ಕಣ್ಣೀರು ಹಾಕುವವರೇ, ನಿಮಗೆ ಬೇಕಾದ ಕನ್ಸರ್ಟ್ ಕಲಾವಿದ ಇಲ್ಲಿದ್ದಾರೆ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ ಬದುಕಿದ್ದರು.

7/9
ಫೋಟೊ: ಹಾರ್ಮೋನಿಯಂ ಬಿಚ್ಚಿದಾಗ ಒಳಗಿನ ರೀಡುಗಳು. ಮಳೆಗಾಲದ ತೇವಕ್ಕೆ ತುಕ್ಕು ಹಿಡಿದದ್ದು.

ಈಗ ಕಾಮೆಂಟಲ್ಲಿ ಬರುವ ವಾದಗಳಿಗೆ ಮೊದಲೇ ಉತ್ತರ.

"ಅದು ವಿದೇಶಿ ವಾದ್ಯ." ಹೌದು. 1842ರಲ್ಲಿ ಪ್ಯಾರಿಸಿನಲ್ಲಿ ಅಲೆಕ್ಸಾಂಡರ್ ದೆಬೆನ್ ಪೇಟೆಂಟ್ ಪಡೆದದ್ದು. ಕಾಲಲ್ಲಿ ತುಳಿದು ಗಾಳಿ ಹಾಕುತ್ತಿದ್ದ ಅದನ್ನ ಕೈಯಲ್ಲಿ ಒತ್ತುವ, ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆ ಮಾಡಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1870-80ರ ದಶಕಗಳಲ್ಲಿ. ಪಿಟೀಲು ಎಲ್ಲಿಂದ ಬಂತು? ಅದೂ ಯೂರೋಪಿನದ್ದೇ. ಅದಿಲ್ಲದೆ ಕರ್ನಾಟಕ ಸಂಗೀತದ ಕಛೇರಿ ನಡೆಸಿ ನೋಡೋಣ. ಮತ್ತೆ, ವಿದೇಶಿ ಅನ್ನೋದು ಕಾರಣ ಆದ್ರೆ ಪಿಯಾನೋ ರೀಲಿಗೆ ಯಾಕೆ ಹಾರ್ಟ್ ಒತ್ತಿದ್ರಿ?

"ಮೀಂಡ್ ಬರೋದಿಲ್ಲ." ನಿಜ. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದು ಹೋಗೋಕೆ ಮನೆಗಳ ವಾದ್ಯದಲ್ಲಿ ಆಗೋದಿಲ್ಲ. ಇದನ್ನ ಮುಚ್ಚಿಡೋದು ಬೇಡ. ಆದ್ರೆ ಪಿಯಾನೋದಲ್ಲೂ ಆಗೋದಿಲ್ಲ. ಪಿಯಾನೋದಲ್ಲಿ ಒತ್ತಿದ ಸ್ವರ ಕ್ಷಣ ಕ್ಷಣಕ್ಕೂ ಸಾಯ್ತಾ ಹೋಗ್ತದೆ, ಹಾರ್ಮೋನಿಯಂ ಗಾಳಿ ಇರುವಷ್ಟು ಹೊತ್ತು ನಿಲ್ತದೆ. ಪ್ರತಿ ವಾದ್ಯಕ್ಕೂ ಒಂದು ಕೊರತೆ ಇದೆ. ಆ ಕೊರತೆಯನ್ನ ದಾಟಿಸೋದಕ್ಕೇ ಕಲಾವಿದ ಬೇಕು. ಕಣಸ್ವರ ಮುಟ್ಟಿ, ಗಾಳಿ ಹಿಡಿದು ಬಿಟ್ಟು, ಹಾಡಿನ ಉಸಿರು ತರೋದು ಹತ್ತಿಪ್ಪತ್ತು ವರ್ಷದ ಸಾಧನೆ.

"ಶ್ರುತಿ ಸರಿ ಇಲ್ಲ." ಅದಕ್ಕೂ ಜನ ಕೂತು ಕೆಲಸ ಮಾಡಿದ್ದಾರೆ. ಮನೋಹರ ಚಿಮೋಟೆಯವರು ವಾದ್ಯವನ್ನೇ ತಿದ್ದಿ "ಸಂವಾದಿನಿ" ಅಂದರು. ವಿದ್ಯಾಧರ ಓಕ್ ಅವರು 22 ಶ್ರುತಿಯ ಹಾರ್ಮೋನಿಯಂ ಮಾಡಿದರು.

"ಗಾಯಕರೇ ಮುಖ್ಯ, ಇವರು ಬರೀ ಸಾಥ್." ಭಾಗ 2 ಮತ್ತೆ ಓದಿ. ಲಿಸ್ಟ್‌ಗಿಂತ ಮುಂಚೆ ಪಿಯಾನೋದವರಿಗೂ ಇಡೀ ಸಂಜೆ ಕೊಟ್ಟಿರ್ಲಿಲ್ಲ. ನಮ್ಮ ಪಕ್ಕದ ಗೋವಾದ ತುಳಸೀದಾಸ ಬೋರ್ಕರ್ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು, ಹಾರ್ಮೋನಿಯಂಗೆ. ದೆಹಲಿಗೆ ಅರ್ಥ ಆದದ್ದು ನಮ್ಮ ಪೋಸ್ಟರ್ ಡಿಸೈನರ್‌ಗೆ ಯಾವಾಗ ಅರ್ಥ ಆಗೋದು?

8/9
ಫೋಟೊ: ಬಸ್ಸಿನ ಸೀಟಿನ ಮೇಲೆ ಹಾರ್ಮೋನಿಯಂ ಪೆಟ್ಟಿಗೆ. ಮುಖ ಬೇಡ ಅಂದಿದ್ದಾಳೆ, ಹಾಗಾಗಿ ಪೆಟ್ಟಿಗೆ ಮಾತ್ರ.

ಇದನ್ನೆಲ್ಲ ಈಗ ಯಾಕೆ ಬರೆದೆ? ನನಗೆ ಗೊತ್ತಿರುವ ಒಬ್ಬಳು ಜೂನಿಯರ್ ಇದ್ದಾಳೆ. ಘಾಟದ ಕೆಳಗಿನ ಊರು. ಏಳು ವರ್ಷದಿಂದ ಕಲೀತಿದ್ದಾಳೆ. ವಾರಕ್ಕೆರಡು ದಿನ ಬಸ್ಸು ಹತ್ತಿ ಪಾಠಕ್ಕೆ ಹೋಗ್ತಾಳೆ. ಮಳೆಗಾಲದಲ್ಲಿ ಘಾಟಿ ಬ್ಲಾಕ್ ಆದ್ರೆ ಅರ್ಧ ದಾರಿಯಿಂದ ವಾಪಸ್. ಪೆಟ್ಟಿಗೆ ತೊಡೆ ಮೇಲೆ ಇಟ್ಕೊಂಡೇ.

ಈ ವರ್ಷ ಎರಡು ಕಾರ್ಯಕ್ರಮದಲ್ಲಿ ಸಾಥ್ ಕೊಟ್ಟಳು. ಒಂದರಲ್ಲಿ ಹೆಸರು ಹಾಕಿರ್ಲಿಲ್ಲ. ಇನ್ನೊಂದರಲ್ಲಿ ವಂದನಾರ್ಪಣೆ ಮಾಡಿದವರು ಮೈಕ್‌ಸೆಟ್‌ನವರಿಗೆ, ಶಾಮಿಯಾನದವರಿಗೆ, ಅಡುಗೆಯವರಿಗೆ ಎಲ್ಲ ಧನ್ಯವಾದ ಹೇಳಿದ್ರು. ಹೇಳ್ಬೇಕು, ಅವರೂ ಬೆವರು ಸುರಿಸಿದವರು. ಇವಳ ಹೆಸರು ಮಾತ್ರ ಬಾಯಿಗೆ ಬರ್ಲಿಲ್ಲ. ಮನೆಯಲ್ಲಿ ಈಗ ಕೇಳ್ತಾ ಇದ್ದಾರೆ: "ಇದ್ರಿಂದ ಎಂತ ಆಗ್ತು ಕೂಸೆ? ಪರೀಕ್ಷೆಗಾದ್ರೂ ಓದು." ಗೆಳತಿಯರು ಹೇಳೋದು: "ಕೀಬೋರ್ಡ್ ತಗೊಳೇ, ರೀಲ್ಸ್‌ಗೆ ಓಡ್ತದೆ."

ಮುಂದಿನ ತಿಂಗಳು ಫೀಸ್ ಕಟ್ಟೋದಾ ಬಿಡೋದಾ ಅಂತ ಅವಳು ಯೋಚನೆ ಮಾಡ್ತಾ ಇದ್ದಾಳೆ.

ಮನೆಯವರ ಪ್ರಶ್ನೆಯನ್ನ ನಾನು ಬೈಯೋದಿಲ್ಲ. ಹೊಟ್ಟೆಪಾಡು ಸಣ್ಣ ಮಾತಲ್ಲ. ಕ್ಲಾರಾ ಶೂಮನ್‌ಗೂ ಅದು ಸಣ್ಣ ಮಾತಾಗಿರ್ಲಿಲ್ಲ. ಆದ್ರೆ ಯೋಚನೆ ಮಾಡಿ. ಒಂದು ಕಲೆಯಿಂದ ಬದುಕು ನಡೀಬೇಕಾದ್ರೆ ಮೊದಲು ಹೆಸರು ಓಡಾಡ್ಬೇಕು. ಹೆಸರು ಗೊತ್ತಾದ್ರೆ ಇನ್ನೊಬ್ಬರು ಕರೀತಾರೆ. ಕರೆದ್ರೆ ಸಂಭಾವನೆ, ಪಾಠಕ್ಕೆ ಮಕ್ಕಳು. ಪೋಸ್ಟರಿನಲ್ಲಿ ಹೆಸರು ಬಿಡೋದು ಅಂದ್ರೆ ಆ ಸರಪಳಿಯ ಮೊದಲ ಕೊಂಡಿಯನ್ನೇ ಕತ್ತರಿಸೋದು. ಕತ್ತರಿಸಿದವರೇ ಆಮೇಲೆ "ಇದರಲ್ಲಿ ಭವಿಷ್ಯ ಇಲ್ಲ" ಅಂತ ಬುದ್ಧಿ ಹೇಳ್ತಾರೆ.

9/9
ಫೋಟೊ: ಖಾಲಿ ವೇದಿಕೆ, ಎರಡು ಜಮಖಾನ, ಒಂದು ಮೈಕ್.

ನನಗೆ ನಿಮ್ಮ ಕಣ್ಣೀರಿನ ಇಮೋಜಿ ಬೇಡ. ನಾಲ್ಕು ಕೆಲಸ ಬೇಕು.

ಒಂದು. ಪೋಸ್ಟರ್ ಮಾಡೋದು ನಮ್ಮ ವಯಸ್ಸಿನವರೇ, ಫೋನಲ್ಲೇ. ಮುಂದಿನ ಪೋಸ್ಟರಿನಲ್ಲಿ ಹಾರ್ಮೋನಿಯಂ, ತಬಲಾ, ತಾನ್‌ಪುರ ಎಲ್ಲರ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಬರಲಿ. ಜಾಗ ಸಾಲದಿದ್ರೆ ಘನ ಉಪಸ್ಥಿತಿಯಿಂದ ಎರಡು ಹೆಸರು ತೆಗೀರಿ. ಯಾರೂ ಸಾಯೋದಿಲ್ಲ.

ಎರಡು. ಕಾಲೇಜು ಕಾರ್ಯಕ್ರಮ ಇರ್ಲಿ, ಊರಿನ ಚೌತಿ ಇರ್ಲಿ, ನವರಾತ್ರಿ ಇರ್ಲಿ, ಗಾಯನಕ್ಕೆ ಮುಂಚೆ 15 ನಿಮಿಷ ಹಾರ್ಮೋನಿಯಂ ಸೋಲೋ ಇಡಿ. ಭಾಷಣ 15 ನಿಮಿಷ ಕಡಿಮೆ ಮಾಡಿದ್ರೆ ಆಯ್ತು. ಮುಂದಿನ ಸಾಲಿನವರೂ ಮನಸಲ್ಲೇ ನಿಮಗೆ ಕೈ ಮುಗೀತಾರೆ.

ಮೂರು. ವೀಡಿಯೋ ಹಾಕುವಾಗ ನುಡಿಸಿದವರನ್ನ ಟ್ಯಾಗ್ ಮಾಡಿ. ಅಕೌಂಟ್ ಇಲ್ಲದವರಾದ್ರೆ, ಕೇಳಿ, ಹೆಸರು ಬರೀರಿ. ಕೈ ಮಾತ್ರ ಕಾಣುವ ಹಾಗೆ ಕ್ರಾಪ್ ಮಾಡ್ಬೇಡಿ. ಆ ಕೈಗೊಂದು ಮುಖ ಇದೆ.

ನಾಲ್ಕು. ಸಂಭಾವನೆ. ಶಾಲು, ಹಣ್ಣು, ಊಟ ಎಲ್ಲ ಸಂತೋಷ. ಬಸ್ ಚಾರ್ಜೂ ಹುಟ್ಟದ ಹಾಗೆ ಕಳಿಸ್ಬೇಡಿ.

ಪಿಯಾನೋ ಕೇಳ್ಬೇಡಿ ಅಂತ ನಾನು ಎಲ್ಲೂ ಹೇಳಿಲ್ಲ. ಇವತ್ತು ರಾತ್ರಿಯೇ ಮೆಟ್ನರ್ ಹುಡುಕಿ ಕೇಳಿ, ಅದರ ಹಿಂದೆ ಮೈಸೂರಿನ ದುಡ್ಡಿದೆ. ಆಮೇಲೆ ಬಿಜಾಪುರೆಯವರ ಸೋಲೋ ಹುಡುಕಿ. ಇಯರ್‌ಫೋನ್ ಹಾಕಿ, ಹತ್ತು ನಿಮಿಷ ಸ್ಕ್ರೋಲ್ ಮಾಡದೆ ಕೂತು ಕೇಳಿ. ಆಮೇಲೂ "ನಮ್ಮಲ್ಲಿ ಇಂಥದ್ದು ಎಲ್ಲಿದ್ದು" ಅನ್ನಿಸಿದ್ರೆ ಕಾಮೆಂಟಿಗೆ ಬನ್ನಿ, ಅಲ್ಲೇ ಮುಂದುವರಿಸೋಣ.

ಸದ್ಯಕ್ಕೆ ಒಂದು ಕೆಲಸ: ನಿಮಗೆ ಗೊತ್ತಿರುವ, ಯಾವುದೇ ಪೋಸ್ಟರಿನಲ್ಲಿ ಬಾರದ ಒಬ್ಬ ಹಾರ್ಮೋನಿಯಂ ಕಲಾವಿದರನ್ನ, ಅವರನ್ನ ಕೇಳಿ ಒಪ್ಪಿಗೆ ತಗೊಂಡು, ಕೆಳಗೆ ಟ್ಯಾಗ್ ಮಾಡಿ. ಹೆಸರು ಪೂರ್ತಿ ಬರೀರಿ. ಊರಿನ ಹೆಸರೂ ಸೇರಿಸಿ. ಮುಂದಿನ ಪೋಸ್ಟರ್ ಮಾಡುವವನಿಗೆ "ಯಾರಂತ ಗೊತ್ತಿರ್ಲಿಲ್ಲ" ಅನ್ನೋಕೆ ಬಾಯಿ ಇರಬಾರದು.

#ಹೆಸರುಹಾಕಿ #ಹಾರ್ಮೋನಿಯಂ #ಅರಬೈಲ್ #ಯಲ್ಲಾಪುರ #ಶಿರಸಿ #ಸಿದ್ದಾಪುರ #ಬಿಜಾಪುರೆ